ಸೂಜಿ ಎರಡು ತಿಂಗಳಿಗೊಮ್ಮೆ ಸರಿ, ತಾರೀಖು ತಪ್ಪಿದರೆ?

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನನಗೆ 42 ವರ್ಷ. ಸಕಲೇಶಪುರ ತಾಲ್ಲೂಕು ಹೆತ್ತೂರು ಕಡೆಯವಳು, ಕಾಫಿ ತೋಟದಲ್ಲಿ ಕೆಲಸ. 2005ರಲ್ಲಿ ಬಸುರಿಯಾಗಿದ್ದಾಗ ಎಚ್‌ಐವಿ ಇದೆ ಅಂತ ಗೊತ್ತಾಯಿತು. ನೋವು ಶುರುವಾದಾಗ ಒಂದೇ ಒಂದು ಮಾತ್ರೆ ನುಂಗಿಸಿದರು, ಹುಟ್ಟಿದ ಮಗುವಿಗೂ ಬಾಯಿಗೆ ಔಷಧ ಹಾಕಿದರು. ದೇವರ ದಯೆ, ಮಗಳಿಗೆ ಏನೂ ಇಲ್ಲ. ಮನೆಯವರು ತೀರಿಕೊಂಡ ಮೇಲೆ, 2010ರಿಂದ ಹಾಸನದ ಎ.ಆರ್.ಟಿ. ಸೆಂಟರಿನಲ್ಲಿ (ಎಚ್‌ಐವಿಗೆ ಪುಕ್ಕಟೆ ಔಷಧ ಕೊಡುವ ಕಡೆ) ಮಾತ್ರೆ ತಗೊಳ್ತಿದ್ದೇನೆ. ಮೊದಲು ದಿನಕ್ಕೆ ಎರಡು ಸಲ ಇತ್ತು. 2019ರಲ್ಲಿ ಟಿಬಿ ಬಂದಾಗ ಬದಲಾಯಿಸಿ ರಾತ್ರಿ ಒಂದೇ ಮಾತ್ರೆ ಕೊಟ್ಟರು. ಅದು ನುಂಗಿದರೆ ತಲೆ ತಿರುಗೋದು, ಕೆಟ್ಟ ಕನಸು ಬೀಳೋದು. 2021ರಿಂದ ಬೇರೆ ಮಾತ್ರೆ, ಇದು ಹಾಯಾಗಿದೆ, ಇದನ್ನೂ ರಾತ್ರಿಯೇ ನುಂಗ್ತೀನಿ. ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ಸು ಎಷ್ಟಿದೆ ಅನ್ನೋ ಪರೀಕ್ಷೆ, ‘ಕಾಣಿಸುವುದಿಲ್ಲ’ ಅಂತಲೇ ಬರ್ತಿದೆ. ಮೂರು ತಿಂಗಳಿಗೊಮ್ಮೆ ಹೋಗಿ ಮಾತ್ರೆ ತರ್ತೀನಿ.

ಈಗ ಮಗಳಿಗೆ ಗಂಡು ಗೊತ್ತಾಗಿದೆ. ಬೀಗರು ಬಂದು ನಾಲ್ಕು ದಿನ ಉಳಿದರೆ ಆ ಡಬ್ಬಿ ಕಣ್ಣಿಗೆ ಬೀಳುತ್ತೆ ಅನ್ನೋ ಭಯ. ಅಲುಗಾಡಿಸಿದರೆ ಗಲಗಲ ಅನ್ನುತ್ತೆ ಅಂತ ಮಾತ್ರೆಗಳನ್ನೆಲ್ಲ ಹಳೇ ಅರಿಶಿನದ ಡಬ್ಬಿಗೆ ಹಾಕಿಟ್ಟಿದ್ದೇನೆ. ಲಂಡನ್ನಿನಲ್ಲಿ ನರ್ಸ್ ಆಗಿರುವ ಚಿಕ್ಕಮ್ಮನ ಮಗಳಿಗೆ ನನ್ನ ವಿಷಯ ಗೊತ್ತು. ‘ಇಲ್ಲಿ ಎರಡು ತಿಂಗಳಿಗೊಂದು ಸಲ ಸೂಜಿ ಹಾಕ್ತಾರೆ ಅಕ್ಕ, ಮಾತ್ರೆಯೇ ಬೇಡ. ರಜೆಗೆ ಬರುವಾಗ ಸಿಗುತ್ತಾ ನೋಡ್ತೀನಿ’ ಅಂದಿದ್ದಾಳೆ. ನಮ್ಮೂರ ಕ್ಲಿನಿಕ್ಕಿನ ಕಾಂಪೌಂಡರ್ ಮಂಡಿನೋವಿಗೆ ಆಗಾಗ ನನಗೆ ಡೆಕ್ಸಾ ಸೂಜಿ ಹಾಕ್ತಾರೆ, ಒಳ್ಳೇ ಕೈಗುಣ. ಅವರ ಹತ್ತಿರವೇ ಹಾಕಿಸಿಕೊಳ್ಳಬಹುದಾ? ಪೇಪರಿನಲ್ಲಿ ವರ್ಷಕ್ಕೆ ಎರಡೇ ಸೂಜಿ ಅಂತಲೂ ಬಂದಿತ್ತು. ಯಾವುದು ಒಳ್ಳೇದು?

ಉತ್ತರ: ತಂಗಿಗೆ ಇವತ್ತೇ ಫೋನ್ ಮಾಡಿ ‘ತರಬೇಡ’ ಅಂದುಬಿಡಿ. ಈ ರಾತ್ರಿಯ ಮಾತ್ರೆಯನ್ನು ಮಾತ್ರ ಬಿಡಬೇಡಿ. ಈ ಉತ್ತರದ ಉಳಿದ ಭಾಗ ನಿಧಾನವಾಗಿ ಓದಿದರೂ ನಡೆಯುತ್ತದೆ.

ಬೇಡ ಅಂದದ್ದು ಔಷಧ ಕೆಟ್ಟದ್ದು ಅಂತಲ್ಲ. ಅದು ನಿಜಕ್ಕೂ ಒಳ್ಳೆಯ ಔಷಧ. ನಿಮ್ಮ ತಂಗಿ ಹೇಳುತ್ತಿರುವುದು ಒಂದು ಸೂಜಿಯಲ್ಲ, ಎರಡು. ಒಂದರಲ್ಲಿ ಕ್ಯಾಬೊಟೆಗ್ರಾವಿರ್, ಇನ್ನೊಂದರಲ್ಲಿ ರಿಲ್ಪಿವಿರಿನ್. ಒಂದೇ ದಿನ, ಸೊಂಟದ ಕೆಳಗಿನ ಮಾಂಸಖಂಡಕ್ಕೆ, ಎಡಕ್ಕೊಂದು ಬಲಕ್ಕೊಂದು. ಮೊದಲ ಎರಡು ಸರದಿಗಳ ನಡುವೆ ಒಂದು ತಿಂಗಳು, ಆಮೇಲೆ ಎರಡೆರಡು ತಿಂಗಳಿಗೆ. ಪ್ರತಿ ಸಲ 600 ಮಿಲಿಗ್ರಾಂ ಕ್ಯಾಬೊಟೆಗ್ರಾವಿರ್, 900 ಮಿಲಿಗ್ರಾಂ ರಿಲ್ಪಿವಿರಿನ್. ಒಂದೊಂದೂ 3 ಮಿಲಿಲೀಟರ್, ಅಂದರೆ ಸಾಕಷ್ಟು ದೊಡ್ಡ ಸೂಜಿಯೇ. ಕೆನಡಾ 2020ರಲ್ಲಿ ಒಪ್ಪಿತು, ಅಮೆರಿಕ 2021ರ ಜನವರಿಯಲ್ಲಿ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಿಗೆ 2022ರಲ್ಲಿ ಬಂತು. ವಿಶ್ವ ಆರೋಗ್ಯ ಸಂಸ್ಥೆ 2025ರ ಜುಲೈನಲ್ಲಿ, ಮಾತ್ರೆಯಲ್ಲಿ ವೈರಸ್ಸು ಹತೋಟಿಗೆ ಬಂದವರಿಗೆ, ಹೆಪಟೈಟಿಸ್ ಬಿ ಅನ್ನುವ ಲಿವರಿನ ಸೋಂಕು ಇಲ್ಲದಿದ್ದರೆ, ಇದೂ ಒಂದು ದಾರಿ ಅಂದಿತು. ನಮ್ಮ ಎ.ಆರ್.ಟಿ. ಸೆಂಟರುಗಳಲ್ಲಿ ಪುಕ್ಕಟೆ ಕೊಡುವುದು ಮಾತ್ರೆಯೇ. ಈ ಸೂಜಿ ಆ ಸಾಲಿನಲ್ಲಿ ಇಲ್ಲ.

ನಮ್ಮ ಕಡೆ ಒಂದು ನಂಬಿಕೆ ಬೇರೂರಿದೆ, ಸೂಜಿ ಬಿದ್ದರೇನೇ ವಾಸಿ ಅಂತ. ಜ್ವರ ಅಂತ ಬಂದವರಿಗೆ ಮಾತ್ರೆ ಬರೆದುಕೊಟ್ಟರೆ ‘ಒಂದು ಇಂಜೆಕ್ಷನ್ನೂ ಹಾಕಲಿಲ್ಲ, ಇವರೆಂಥ ಡಾಕ್ಟ್ರು’ ಅಂತ ಹೊರಗೆ ಹೋಗಿ ಬೈದದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮಾತ್ರೆ ತಪ್ಪದೆ ನುಂಗುವ ನಿಮ್ಮಂಥವರ ಮೇಲೆ ನಡೆದ ಪ್ರಯೋಗಗಳಲ್ಲಿ ಈ ಸೂಜಿ ದಿನದ ಮಾತ್ರೆಗೆ ಸಮನಾಗಿ ನಿಂತಿತು, ಮೀರಿಸಲಿಲ್ಲ. ವೈರಸ್ಸು ‘ಕಾಣಿಸುವುದಿಲ್ಲ’ ಅಂತ ಬಂದವರಿಗೆ ಸೂಜಿಯಿಂದ ಇನ್ನೂ ಕಾಣಿಸದಂತಾಗುವುದು ಅಂತೇನೂ ಇಲ್ಲ. ಲಾಭ ಇರುವುದು ಅನುಕೂಲದಲ್ಲಿ, ಗುಟ್ಟಿನಲ್ಲಿ. ನೀವು ಕೇಳುತ್ತಿರುವುದೂ ಅದನ್ನೇ ಅಂತ ಗೊತ್ತು.

ಹಾಗಾದರೆ ಅಪಾಯ ಎಲ್ಲಿದೆ? ನಿಮ್ಮ ಕಾಗದದಲ್ಲಿಯೇ ಇದೆ. ಹೆರಿಗೆಯ ದಿನ ನುಂಗಿಸಿದ ಆ ಒಂದೇ ಮಾತ್ರೆಯಲ್ಲಿ.

ಅದು ನೆವಿರಪಿನ್, 200 ಮಿಲಿಗ್ರಾಂ. ಆ ಕಾಲಕ್ಕೆ ಅದು ದೊಡ್ಡ ವರ. 1999ರಲ್ಲಿ ಫಲಿತಾಂಶ ಹೊರಬಂದ ಉಗಾಂಡಾದ ಪ್ರಯೋಗ, ತಾಯಿಗೆ ಒಂದು ಮಾತ್ರೆ, ಮಗುವಿಗೆ ಒಂದು ಗುಟುಕು, ಇಷ್ಟರಿಂದಲೇ ಮಗುವಿಗೆ ಸೋಂಕು ದಾಟುವುದು, ಆಗಿನ ಇನ್ನೊಂದು ಔಷಧಕ್ಕೆ ಹೋಲಿಸಿದರೆ, ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅಂತ ತೋರಿಸಿತ್ತು. ನಿಮ್ಮ ಮಗಳು ಇವತ್ತು ಹಸೆಮಣೆ ಏರುವುದರಲ್ಲಿ ಆ ಮಾತ್ರೆಯ ಪಾಲೂ ಇರಬಹುದು. ಆದರೆ ನೆವಿರಪಿನ್‌ಗೆ ಒಂದು ಗುಣವಿತ್ತು: ಮೈಯಿಂದ ಬೇಗ ಹೊರಹೋಗುತ್ತಿರಲಿಲ್ಲ. ಒಂದೇ ಮಾತ್ರೆಯ ಅಂಶ ವಾರಗಟ್ಟಲೆ ರಕ್ತದಲ್ಲಿ ಉಳಿದು, ದಿನದಿನಕ್ಕೆ ಸಣ್ಣಗಾಗುತ್ತ ಹೋಗುತ್ತಿತ್ತು. ವೈರಸ್ಸನ್ನು ಕೊಲ್ಲುವಷ್ಟಿಲ್ಲ, ಕೆಣಕುವಷ್ಟಿದೆ. ಅಂಥ ಸಮಯದಲ್ಲಿಯೇ ವೈರಸ್ಸು ಮದ್ದಿಗೆ ಬಗ್ಗದ ರೂಪ ಕಲಿಯುವುದು. ಎಷ್ಟೋ ತಾಯಂದಿರಲ್ಲಿ ಹಾಗೆ ಆಯಿತು, ಆ ಕಾರಣಕ್ಕೇ ಮುಂದೆ ಒಂಟಿ ಮಾತ್ರೆಯ ಪದ್ಧತಿ ಬಿಟ್ಟು ತಾಯಂದಿರಿಗೆ ಪೂರ್ತಿ ಚಿಕಿತ್ಸೆ ಶುರುಮಾಡಿದರು.

ಇದನ್ನು ಸೂಜಿಗೆ ಹೋಲಿಸಿ ನೋಡಿ. ಸೂಜಿಯಲ್ಲಿರುವುದು ನೀರಿನಂತೆ ಕರಗಿದ ಔಷಧವಲ್ಲ. ತೀರಾ ನುಣ್ಣಗೆ ಅರೆದ ಹರಳುಗಳ ಬಿಳಿ ದ್ರವ. ಮಾಂಸಖಂಡದೊಳಗೆ ಕೂತು, ದವಡೆಯಲ್ಲಿ ಒತ್ತಿಟ್ಟುಕೊಂಡ ಕಲ್ಲುಸಕ್ಕರೆಯ ಹಾಗೆ ಸಣ್ಣಗೆ ಕರಗುತ್ತದೆ. ಎರಡು ತಿಂಗಳು ಸಾಕಾಗುವುದು ಅದರಿಂದಲೇ. ಆದರೆ ಸೂಜಿ ನಿಲ್ಲಿಸಿದ ಮೇಲೂ ಆ ಕಲ್ಲುಸಕ್ಕರೆ ಕರಗುತ್ತಲೇ ಇರುತ್ತದೆ. ವರ್ಷದವರೆಗೆ, ಕೆಲವರಲ್ಲಿ ವರ್ಷ ದಾಟಿಯೂ ಔಷಧದ ಅಂಶ ರಕ್ತದಲ್ಲಿ ಸಿಗುತ್ತದೆ. ಮಾತ್ರೆ ಒಗ್ಗದಿದ್ದರೆ ನಾಳೆ ನಿಲ್ಲಿಸಬಹುದು. ಸೂಜಿ ಒಗ್ಗದಿದ್ದರೆ ಹೀರಿ ತೆಗೆಯಲು ಬರುವುದಿಲ್ಲ.

ನಿಮ್ಮ ತಂಗಿ ಈ ವರ್ಷ ಒಂದು ಜೊತೆ ತಂದು ಹಾಕಿಸಿದಳು ಅಂತಿಟ್ಟುಕೊಳ್ಳಿ. ಮುಂದಿನ ಜೊತೆ? ಒಂದು ತಿಂಗಳಿಗೆ ಬೇಕು. ಆಮೇಲೆ ಎರಡು ತಿಂಗಳಿಗೆ, ಹೀಗೆ ಬದುಕಿರುವವರೆಗೆ. ಅಲ್ಲಿ ಕೂಡ ಅದು ಅಂಗಡಿಯಲ್ಲಿ ಮಾರುವ ಸರಕಲ್ಲ, ಎಚ್‌ಐವಿ ಕ್ಲಿನಿಕ್ಕಿನಲ್ಲಿ ಹೆಸರು ನೋಂದಾಯಿಸಿದವರಿಗೆ ಅಲ್ಲಿಯೇ ಹಾಕಿ ಕಳಿಸುತ್ತಾರೆ. ಅವಳು ತರಹೋದರೆ ಅವಳ ಕೆಲಸಕ್ಕೇ ಕುತ್ತು. ಒಂದು ಸಲ ಹಾಕಿ ನಿಂತುಹೋದರೆ, ನೀವು ‘ಸೂಜಿ ಆಯಿತಲ್ಲ’ ಅಂತ ಮಾತ್ರೆಯನ್ನೂ ಬಿಟ್ಟಿದ್ದರೆ, 2005ರ ಒಂಟಿ ಮಾತ್ರೆಯ ಕಥೆಯೇ ಮತ್ತೆ, ಈ ಸಲ ಇನ್ನೂ ಉದ್ದವಾಗಿ. ಸೂಜಿ ನಿಲ್ಲಿಸುವವರು ಮುಂದಿನ ಸೂಜಿಯ ತಾರೀಖಿಗೆ ಸರಿಯಾಗಿ, ಅಂದರೆ ಕೊನೆಯ ಸೂಜಿಯಿಂದ ಎರಡು ತಿಂಗಳೊಳಗೆ, ಪೂರ್ತಿ ಮಾತ್ರೆ ಚಿಕಿತ್ಸೆ ಶುರುಮಾಡಲೇಬೇಕು ಅನ್ನುವುದು ಈ ಕಾರಣಕ್ಕೆ.

ಇಲ್ಲಿ ಇನ್ನೊಂದು ಗಂಟಿದೆ. ನೀವು 2021ರಿಂದ ನುಂಗುತ್ತಿರುವ ಹಾಯಾದ ಮಾತ್ರೆ ಟಿಎಲ್‌ಡಿ ಇರಬೇಕು: ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್, ಮೂರೂ ಒಂದರಲ್ಲಿ. ಸೂಜಿಯ ಕ್ಯಾಬೊಟೆಗ್ರಾವಿರ್ ನಿಮ್ಮ ಡೊಲುಟೆಗ್ರಾವಿರ್‌ಗೆ ಒಡಹುಟ್ಟಿದ್ದು. ಸೂಜಿ ಸೋತು ವೈರಸ್ಸು ಕ್ಯಾಬೊಟೆಗ್ರಾವಿರ್‌ಗೆ ಬಗ್ಗದಂತಾದರೆ, ಡೊಲುಟೆಗ್ರಾವಿರ್ ಕೂಡ ಸಡಿಲವಾಗಬಹುದು. ಅಂದರೆ ಹೊಸದನ್ನು ಪರೀಕ್ಷೆ ಮಾಡಲು ಹೋಗಿ ಕೈಯಲ್ಲಿರುವ ಅತ್ಯುತ್ತಮ ಮಾತ್ರೆಯನ್ನೇ ಪಣಕ್ಕಿಟ್ಟಂತೆ. ಮಾತ್ರೆ ಸೋತರೆ ಬೇರೆ ಮಾತ್ರೆ ಇದೆ, ನಿಜ. ಆದರೆ ಆ ಎರಡನೆಯ ಸಾಲಿನವು ಇದರಷ್ಟು ಸಲೀಸಲ್ಲ.

ಸೂಜಿಯ ಇನ್ನರ್ಧ, ರಿಲ್ಪಿವಿರಿನ್, ನೆವಿರಪಿನ್ ಮನೆತನದ್ದು. ನೀವು ಹೆರಿಗೆಯಲ್ಲಿ ನೆವಿರಪಿನ್ ನುಂಗಿದ್ದೀರಿ. 2010ರಿಂದ ದಿನಕ್ಕೆರಡು ಸಲ ನುಂಗಿದ್ದರಲ್ಲಿಯೂ ಅದೇ ಇದ್ದಿರಬೇಕು, ಆಗ ನಡೆಯುತ್ತಿದ್ದುದು ಅದೇ. ಟಿಬಿ ಬಂದಾಗ ಬದಲಾಯಿಸಿದ, ತಲೆ ತಿರುಗಿಸಿ ಕೆಟ್ಟ ಕನಸು ತರುತ್ತಿದ್ದ ಮಾತ್ರೆಯಲ್ಲಿದ್ದದ್ದು ಎಫಾವಿರೆಂಜ್. ಆ ಕನಸೇ ಅದರ ಗುರುತು. ಅದೂ ಅದೇ ಮನೆತನ. ಈ ಹದಿನಾರು ವರ್ಷಗಳಲ್ಲಿ ಎಂದಾದರೂ ನಿಮ್ಮ ವೈರಸ್ಸು ಈ ಮನೆತನದ ಮದ್ದಿಗೆ ಬಗ್ಗದ ರೂಪ ತಾಳಿ ಮೈಯ ಮೂಲೆಯಲ್ಲಿ ಅಡಗಿ ಕೂತಿದ್ದರೆ, ಈಗಿನ ವೈರಲ್ ಲೋಡ್ ರಿಪೋರ್ಟಿನಲ್ಲಿ ಅದು ಕಾಣುವುದಿಲ್ಲ. ಹಾಗೆ ಅಡಗಿರುವ ಎಲ್ಲ ರೂಪಗಳೂ ರಿಲ್ಪಿವಿರಿನ್‌ಗೆ ಅಡ್ಡ ಬರುವುದಿಲ್ಲ, ಕೆಲವು ಬರುತ್ತವೆ.

ಹೆದರಿಸಿ ಬಿಡುವುದು ನನ್ನ ಉದ್ದೇಶವಲ್ಲ, ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಉಗಾಂಡಾ, ಕೀನ್ಯಾ, ದಕ್ಷಿಣ ಆಫ್ರಿಕಾದಲ್ಲಿ 512 ಜನರ ಮೇಲೆ ಪ್ರಯೋಗ ನಡೆಯಿತು. ಅವರಲ್ಲಿ ಬಹಳ ಮಂದಿ ನಿಮ್ಮ ಹಾಗೆಯೇ ಹಿಂದೆ ನೆವಿರಪಿನ್, ಎಫಾವಿರೆಂಜ್ ತಿಂದವರು. ವರ್ಷದ ಕೊನೆಗೆ ಸೂಜಿಯವರಲ್ಲಿಯೂ ಮಾತ್ರೆಯವರಲ್ಲಿಯೂ ನೂರಕ್ಕೆ ಸುಮಾರು 97 ಮಂದಿಯಲ್ಲಿ ವೈರಸ್ಸು ಹತೋಟಿಯಲ್ಲಿತ್ತು. ಎರಡು ತಿಂಗಳ ಸೂಜಿಯನ್ನು ಒಂದು ತಿಂಗಳ ಸೂಜಿಯೊಡನೆ ಹೋಲಿಸಿದ 1,045 ಜನರ ಇನ್ನೊಂದು ಪ್ರಯೋಗದಲ್ಲಿ, ವರ್ಷದೊಳಗೆ ಎರಡು ತಿಂಗಳ ಗುಂಪಿನ 522 ಮಂದಿಯಲ್ಲಿ 8 ಜನರಿಗೆ ಚಿಕಿತ್ಸೆ ಸೋತಿತು, ತಿಂಗಳ ಗುಂಪಿನಲ್ಲಿ ಇಬ್ಬರಿಗೆ. ಸಣ್ಣ ಸಂಖ್ಯೆಯೇ. ಆದರೆ ಇವೆಲ್ಲ ನೇಮದ ದಿನಕ್ಕೆ ನೇಮದ ಜಾಗದಲ್ಲಿ ಸೂಜಿ ಬಿದ್ದವರ ಲೆಕ್ಕ. ಯಾರದೋ ಸೂಟ್‌ಕೇಸಿನಲ್ಲಿ ಬಂದು ಯಾರದೋ ಕೈಯಲ್ಲಿ ಬಿದ್ದ ಸೂಜಿಯ ಲೆಕ್ಕ ಅದರಲ್ಲಿ ಸೇರಿಲ್ಲ. ತೂಕ ಬಹಳ ಇರುವವರಲ್ಲಿ, ಅಡಗಿದ ಮೊಂಡು ವೈರಸ್ಸು ಇರುವವರಲ್ಲಿ ಸೋಲು ತುಸು ಹೆಚ್ಚು. ಎರಡೂ ಒಟ್ಟಿಗೆ ಕೂಡಿದರೆ ಇನ್ನೂ ಹೆಚ್ಚು. ಹಾಗಾಗಿ ನಾಳೆ ನಮ್ಮಲ್ಲಿಗೇ ಈ ಸೂಜಿ ಬಂದರೂ, ಹೆರಿಗೆಯ ಆ ಒಂದು ಮಾತ್ರೆಯ ವಿಷಯವನ್ನು ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಬೇಕು. 2005ರ ಹೆರಿಗೆ ವಾರ್ಡಿನ ಚೀಟಿ ನಿಮ್ಮ ಎ.ಆರ್.ಟಿ. ಪುಸ್ತಕದೊಳಗೆ ಇರಲಾರದು.

ಇನ್ನು ತಾರೀಖು. ಸೂಜಿಗೆ ಗೊತ್ತುಮಾಡಿದ ದಿನಕ್ಕಿಂತ ಏಳು ದಿನ ಮೊದಲು ಅಥವಾ ಏಳು ದಿನ ಆಚೆ, ಅಷ್ಟೇ ಅವಕಾಶ. ಹೆತ್ತೂರಿನವರಿಗೆ ಜುಲೈ, ಆಗಸ್ಟ್ ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಮರ ಬಿದ್ದು ರಸ್ತೆ ಕಟ್ಟಿ, ಬಸ್ಸು ನಿಂತು, ಕರೆಂಟಿಲ್ಲದೆ ವಾರ ಕಳೆಯುವುದು ಅಲ್ಲಿ ಸುದ್ದಿಯೇ ಅಲ್ಲ. ಆನೆ ರಸ್ತೆಗೆ ಬಂದಿದೆ ಅಂತ ಬೆಳಗಿನ ಬಸ್ಸು ತಪ್ಪಿಸಿಕೊಂಡವರು ನನ್ನ ರೋಗಿಗಳಲ್ಲಿಯೇ ಇದ್ದಾರೆ. ಮಳೆ ಮುಗಿದರೆ ಹಣ್ಣು ಕುಯ್ಯುವ ಕಾಲ; ಆಗ ಒಂದು ದಿನ ರಜೆ ಅಂದರೆ ಒಂದು ದಿನದ ಕೂಲಿ. ಈಗ ನೀವು ವರ್ಷಕ್ಕೆ ನಾಲ್ಕು ಸಲ ಹಾಸನಕ್ಕೆ ಬರುತ್ತೀರಿ. ಸೂಜಿಯಾದರೆ ಆರು ಸಲ, ಮೊದಲ ವರ್ಷ ಏಳು. ‘ಮಾತ್ರೆಯೇ ಬೇಡ’ ಅನ್ನುವ ಮಾತಿನ ಹಿಂದೆ ಈ ಲೆಕ್ಕ ಮರೆಯಾಗಿಬಿಡುತ್ತದೆ.

ತಾರೀಖು ತಪ್ಪುವುದು ಮೊದಲೇ ಗೊತ್ತಿದ್ದರೆ ಸೂಜಿಗೆ ಬದಲು ದಿನದ ಮಾತ್ರೆ ಕೊಟ್ಟು ಸೇತುವೆ ಕಟ್ಟಬಹುದು, ಎರಡು ತಿಂಗಳವರೆಗೆ. ಗೊತ್ತಿಲ್ಲದೆ ತಪ್ಪಿ, ಕೊನೆಯ ಸೂಜಿಯಿಂದ ಮೂರು ತಿಂಗಳು ದಾಟಿದರೆ, ಮತ್ತೆ ಮೊದಲಿನಿಂದ: ತಿಂಗಳ ಅಂತರದಲ್ಲಿ ಎರಡು ಸರದಿ. ಇದನ್ನೆಲ್ಲ ನೋಡಿಕೊಳ್ಳಲು ಒಬ್ಬರು ಬೇಕು. ನೀವು ಬರದಿದ್ದ ದಿನ ಫೋನ್ ಮಾಡಿ ‘ಯಾಕಮ್ಮ ಬರಲಿಲ್ಲ’ ಅಂತ ಕೇಳುವವರು. ನಮ್ಮ ಕಾಂಪೌಂಡರ್ ಅಣ್ಣನಿಗೆ ಎಷ್ಟೇ ಕೈಗುಣ ಇರಲಿ, ಆ ವ್ಯವಸ್ಥೆ ಅವರ ಹತ್ತಿರ ಇಲ್ಲ.

ಅವರ ಕೈಯ ವಿಷಯ ಬಂತಾದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ರಿಲ್ಪಿವಿರಿನ್ ಬಾಟಲಿ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಹೆಪ್ಪುಗಟ್ಟಬಾರದು. ಹಾಕುವ ದಿನ ಫ್ರಿಜ್ಜಿನಿಂದ ತೆಗೆದು ಹೊರಗಿಡಬಹುದಾದದ್ದು ಹೆಚ್ಚೆಂದರೆ ಆರು ಗಂಟೆ. ಲಂಡನ್ನಿನಿಂದ ಬೆಂಗಳೂರಿಗೆ ವಿಮಾನವೇ ಹತ್ತು ಗಂಟೆ. ಅಲ್ಲಿಂದ ಸಕಲೇಶಪುರ, ಅಲ್ಲಿಂದ ನಿಮ್ಮೂರು, ಆಮೇಲೆ ಕರೆಂಟು ಇದ್ದರೆ ಫ್ರಿಜ್ಜು. ಕೆಟ್ಟ ಔಷಧವೂ ಅದೇ ಬಿಳಿ ಬಣ್ಣದಲ್ಲಿಯೇ ಇರುತ್ತದೆ, ಕಣ್ಣಿಗೆ ತಿಳಿಯುವುದಿಲ್ಲ. ಹಾಕುವ ಮೊದಲು ಬಾಟಲಿಯನ್ನು ಜೋರಾಗಿ ಕುಲುಕಬೇಕು, ಇಲ್ಲವಾದರೆ ಔಷಧ ತಳದಲ್ಲಿ ಉಳಿದು ನೀರು ಮಾತ್ರ ಒಳಗೆ ಹೋಗುತ್ತದೆ.

ಸೂಜಿ ಬೀಳಬೇಕಾದ್ದು ಮಾಂಸಖಂಡಕ್ಕೆ. ಮೇಲಿನ ಕೊಬ್ಬಿನಲ್ಲಿಯೇ ನಿಂತರೆ ಸರಿಯಾಗಿ ಹೀರುವುದಿಲ್ಲ. ಅದಕ್ಕೇ ದಪ್ಪ ಮೈಯವರಿಗೆ ಉದ್ದದ ಸೂಜಿ ಬಳಸುತ್ತಾರೆ, ಸೊಂಟದ ಪಕ್ಕದ ಮೂಳೆಯನ್ನು ಕೈಯಿಂದ ಗುರುತಿಸಿ ಜಾಗ ಹುಡುಕುತ್ತಾರೆ. ತಪ್ಪಿ ರಕ್ತನಾಳಕ್ಕೆ ಹೋದರೆ ಕೆಲವೇ ನಿಮಿಷದಲ್ಲಿ ಉಸಿರುಕಟ್ಟುವುದು, ಬೆವರು, ಹೊಟ್ಟೆ ಹಿಂಡುವುದು, ಬಾಯಿ ಜೋಮು ಹಿಡಿಯುವುದು, ಬಿಪಿ ಏರುಪೇರು ಆಗಬಹುದು. ಅಪರೂಪ, ಆದರೆ ಆಗಿದೆ. ಆ ಕಾರಣಕ್ಕೆ ಸೂಜಿ ಹಾಕಿದ ಮೇಲೆ ಹತ್ತು ನಿಮಿಷ ಅಲ್ಲಿಯೇ ಕೂರಿಸಿ ನೋಡಬೇಕು, ಅಂಥದ್ದಾದರೆ ಸಂಭಾಳಿಸುವ ಸಲಕರಣೆ ಪಕ್ಕದಲ್ಲಿರಬೇಕು. ಹಾಕಿದ ಜಾಗ ನೋಯುವುದು, ಗಂಟು ಕಟ್ಟುವುದು ಮಾಮೂಲು. ಹೆಚ್ಚಿನವರಿಗೆ ಮೂರ್ನಾಲ್ಕು ದಿನದಲ್ಲಿ ನೋವು ಇಳಿಯುತ್ತದೆ. ತಣ್ಣನೆ ಬಟ್ಟೆ ಒತ್ತಬಹುದು, ಉಜ್ಜಬಾರದು.

ಈಗ ಡೆಕ್ಸಾ. ಇದರ ಬಗ್ಗೆ ನಿಮ್ಮನ್ನು ತುಸು ಗದರಬೇಕು, ಸೂಜಿಯ ಮಾತು ಇರಲಿ ಇಲ್ಲದಿರಲಿ. ಡೆಕ್ಸಾಮೆಥಸೋನ್ ಸ್ಟೀರಾಯ್ಡು. ಮಂಡಿನೋವು ನಾಲ್ಕು ದಿನ ಮಾಯವಾಗುತ್ತದೆ, ಹಿಂದೆಯೇ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ಒಮ್ಮೆ ಟಿಬಿ ಬಂದ ಮೈಯಲ್ಲಿ ಅದು ಮತ್ತೆ ಏಳಲು ದಾರಿಯಾಗುತ್ತದೆ. ರಿಲ್ಪಿವಿರಿನ್ ಸೂಜಿ ಮೈಯಲ್ಲಿದ್ದಾಗಲಂತೂ ಒಂದಕ್ಕಿಂತ ಹೆಚ್ಚು ಸಲ ಡೆಕ್ಸಾ ಬೀಳಲೇಬಾರದು, ರಿಲ್ಪಿವಿರಿನ್ ಪ್ರಮಾಣವನ್ನು ಅದು ಇಳಿಸುತ್ತದೆ. ಆಗಾಗ ಹಾಕಿಸಿಕೊಂಡು ರೂಢಿಯಾಗಿದ್ದರೆ ಏಕಾಏಕಿ ಬಿಡುವುದಕ್ಕೂ ಕ್ರಮವಿದೆ. ಮುಂದಿನ ಸಲ ಬಂದಾಗ ಎಷ್ಟು ಸಲ, ಯಾವಾಗ ಅಂತ ಬಿಚ್ಚಿ ಹೇಳಿ.

ಎರಡು ತಿಂಗಳ ಆ ಸೂಜಿಗೆ ಇನ್ನೂ ದೊಡ್ಡ ಶತ್ರು ಟಿಬಿ ಔಷಧ. ನಮ್ಮ ದೇಶದಲ್ಲಿ ಇದೇ ನನ್ನನ್ನು ಹೆಚ್ಚು ಕಾಡುವ ವಿಷಯ. ಟಿಬಿ ಚಿಕಿತ್ಸೆಯ ಬೆನ್ನೆಲುಬು ರಿಫಾಂಪಿಸಿನ್, ಅದೇ ಉಚ್ಚೆ ಕೆಂಪಾಗಿಸುವ ಮಾತ್ರೆ. ಅದು ಲಿವರನ್ನು ಚುರುಕುಗೊಳಿಸಿ ಕ್ಯಾಬೊಟೆಗ್ರಾವಿರ್, ರಿಲ್ಪಿವಿರಿನ್ ಎರಡನ್ನೂ ಬೇಗ ಹೊರಹಾಕಿಸುತ್ತದೆ. ಒಟ್ಟಿಗೆ ನಡೆಯುವುದೇ ಇಲ್ಲ. ಟಿಬಿ ಬಾರದಿರಲಿ ಅಂತ ವಾರಕ್ಕೊಮ್ಮೆ ಹನ್ನೆರಡು ವಾರ ಕೊಡುವ ರಿಫಾಪೆಂಟಿನ್ ಕೂಡ ಇದೇ ಗುಂಪು. ಟಿಎಲ್‌ಡಿ ನುಂಗುವವರಿಗೆ ಟಿಬಿ ಬಂದರೆ ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಇನ್ನೊಂದು ಸೇರಿಸಿ ದಿನಕ್ಕೆ ಎರಡು ಸಲ ಮಾಡುತ್ತಾರೆ, ಕೆಲಸ ಮುಗಿಯಿತು. ಸೂಜಿಯವರಿಗೆ ಆ ಸಲೀಸು ಇಲ್ಲ. ಒಂದು ಸಲ ಟಿಬಿ ಕಂಡ ಮನೆ ನಿಮ್ಮದು.

ಫಿಟ್ಸ್ ಮಾತ್ರೆ ತಿನ್ನುವವರೂ ಇದನ್ನು ಓದುತ್ತಿರಬಹುದು. ಫೆನಿಟೊಯಿನ್, ಕಾರ್ಬಮಜೆಪಿನ್, ಫೀನೋಬಾರ್ಬಿಟೋನ್, ಅಂದರೆ ಎಪ್ಟಾಯಿನ್, ಟೆಗ್ರಿಟಾಲ್, ಗಾರ್ಡಿನಾಲ್ ಅಂತ ಚೀಟಿಯಲ್ಲಿ ಕಾಣುವವು, ಈ ಸೂಜಿಯ ಜೊತೆ ಕೂಡದು. ಮುಖದ ನರದ ನೋವಿಗೆ ಅಂತ ಕೊಟ್ಟ ಕಾರ್ಬಮಜೆಪಿನ್ ಕೂಡ ಲೆಕ್ಕಕ್ಕೆ ಬರುತ್ತದೆ. ರೋಗಿಗಳು ಅದನ್ನು ‘ಫಿಟ್ಸ್ ಮಾತ್ರೆ’ ಅಂತ ಎಣಿಸುವುದಿಲ್ಲ, ಹೇಳುವುದೂ ಇಲ್ಲ.

ಹೆಪಟೈಟಿಸ್ ಬಿ ಮಾತು ಮೇಲೆ ಬಂತು. ನಿಮ್ಮ ಟಿಎಲ್‌ಡಿಯ ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ಎಚ್‌ಐವಿ ಜೊತೆಗೆ ಹೆಪಟೈಟಿಸ್ ಬಿಯನ್ನೂ ಅದುಮಿಡುತ್ತವೆ. ಸೂಜಿಗೆ ಆ ಶಕ್ತಿ ಇಲ್ಲ. ಒಳಗೆ ಹೆಪಟೈಟಿಸ್ ಬಿ ಇದ್ದು ಗೊತ್ತಿಲ್ಲದೆ ಮಾತ್ರೆ ಬಿಟ್ಟು ಸೂಜಿಗೆ ಹೋದವರಿಗೆ ಕೆಲವು ವಾರದಲ್ಲಿ ಕಾಮಾಲೆ ಉಲ್ಬಣಿಸಬಹುದು. ಲಿವರ್ ಕೈಕೊಟ್ಟು ಜೀವಕ್ಕೇ ಬರುವುದೂ ಉಂಟು. ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುವ ವಿಷಯ ಇದು.

ಪೇಪರಿನಲ್ಲಿ ಓದಿದ ‘ವರ್ಷಕ್ಕೆ ಎರಡು ಸೂಜಿ’ ಬೇರೆಯೇ. ಅದು ಲೆನಕಾಪಾವಿರ್, ಹೊಟ್ಟೆಯ ಚರ್ಮದಡಿ ಆರು ತಿಂಗಳಿಗೊಮ್ಮೆ. 2025ರ ಜೂನಿನಲ್ಲಿ ಅಮೆರಿಕ ಒಪ್ಪಿಕೊಂಡದ್ದು ಎಚ್‌ಐವಿ ಇಲ್ಲದವರಿಗೆ ಅದು ಬಾರದಂತೆ ತಡೆಯಲು. ಲಸಿಕೆಯಲ್ಲ, ಆರಾರು ತಿಂಗಳಿಗೆ ಹಾಕಿಸುತ್ತಲೇ ಇರಬೇಕು. ಎಚ್‌ಐವಿ ಇದ್ದವರಿಗೆ ಅದನ್ನು ಒಪ್ಪಿರುವುದು ಬೇರೆಲ್ಲ ಔಷಧ ಸೋತ ಕೆಲವರಿಗೆ, ಅದೂ ಬೇರೆ ಔಷಧಗಳ ಜೊತೆಗೆ ಮಾತ್ರ. ಹೈದರಾಬಾದಿನ ಕಂಪನಿಗಳು ಅದನ್ನು ಕಡಿಮೆ ಬೆಲೆಗೆ ತಯಾರಿಸಲು ಪರವಾನಗಿ ಪಡೆದಿವೆ, ಸುದ್ದಿ ಅದರದ್ದೇ ಇರಬೇಕು. ನಿಮಗೆ ಸಂಬಂಧವಿಲ್ಲ.

ಇಷ್ಟೆಲ್ಲ ಬರೆದ ಮೇಲೆ ನಿಮ್ಮ ಕಾಗದವನ್ನು ಮತ್ತೊಮ್ಮೆ ಓದಿದೆ. ನಿಮಗೆ ಸೂಜಿ ಬೇಕಾಗಿಲ್ಲ ತಾಯಿ, ಆ ನಾಲ್ಕು ದಿನ ಡಬ್ಬಿ ಕಾಣದಿದ್ದರೆ ಸಾಕಾಗಿದೆ. ಅದಕ್ಕೆ ದಾರಿ ಇದೆ.

ರಾತ್ರಿಯೇ ನುಂಗಬೇಕು ಅನ್ನುವ ಕಟ್ಟು ಇದ್ದದ್ದು ಆ ಕನಸು ಬೀಳಿಸುವ ಮಾತ್ರೆಗೆ. ಟಿಎಲ್‌ಡಿಗೆ ಅದಿಲ್ಲ. ಬೆಳಗ್ಗೆ ನುಂಗಬಹುದು, ಊಟ ಆಗಿರಲಿ ಇಲ್ಲದಿರಲಿ, ದಿನಾ ಒಂದೇ ಹೊತ್ತಿಗಾದರೆ ಆಯಿತು. ತೋಟಕ್ಕೆ ಹೋಗುವಾಗ ದಾರಿಯಲ್ಲಿ ನುಂಗಿದರೆ ಮನೆಯಲ್ಲಿ ಯಾರೂ ನೋಡುವುದಿಲ್ಲ. ಹೊತ್ತು ಬದಲಾಯಿಸುವ ದಿನ ತಡಮಾಡುವ ಬದಲು ಬೇಗ ಮಾಡಿ: ರಾತ್ರಿ ನುಂಗಿದವರು ಮರುದಿನ ಬೆಳಗ್ಗೆ ಒಂದು ನುಂಗಿ, ಅಲ್ಲಿಂದ ದಿನಾ ಬೆಳಗ್ಗೆ. ಬೀಗರು ಬರುವ ಹದಿನೈದು ದಿನ ಮೊದಲೇ ರೂಢಿ ಮಾಡಿಕೊಳ್ಳಿ, ಕೌನ್ಸೆಲರಿಗೆ ಒಂದು ಮಾತು ಹೇಳಿ. ಮದುವೆ ಮನೆಯಲ್ಲಿ ಹೊಟ್ಟೆ ಉರಿ ಅಂತ ಜೆಲುಸಿಲ್, ಡೈಜೀನ್ ಕುಡಿಯುವುದಿದ್ದರೆ ಎಚ್‌ಐವಿ ಮಾತ್ರೆ ನುಂಗಿ ಎರಡು ಗಂಟೆ ಆದ ಮೇಲೆ ಕುಡಿಯಿರಿ. ಮೊದಲೇ ಕುಡಿದಿದ್ದರೆ ಮಾತ್ರೆಗೆ ಆರು ಗಂಟೆ ಕಾಯಬೇಕು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗೂ ಇದೇ ಅಂತರ.

ಬೀಗರಿಗೆ ಹೇಳಬೇಕಾ ಅನ್ನುವುದು ನೀವು ಕೇಳದ ಪ್ರಶ್ನೆ, ಆದರೆ ಕಾಗದದ ತುಂಬ ಅದೇ ಇದೆ. ಮಗಳಿಗೆ ಎಚ್‌ಐವಿ ಇಲ್ಲ. ನಿಮ್ಮಿಂದ ಅವರ ಮನೆಯವರಿಗೆ ಊಟ, ನೀರು, ಹಾಸಿಗೆ, ಮೊಮ್ಮಗುವನ್ನು ಎತ್ತಿಕೊಳ್ಳುವುದು, ಯಾವುದರಿಂದಲೂ ಹರಡುವುದಿಲ್ಲ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆಯಿಲ್ಲದೆ ನಿಮ್ಮ ವಿಷಯವನ್ನು ಆಸ್ಪತ್ರೆಯವರು ಹೊರಗೆ ಬಿಡುವಂತಿಲ್ಲ. ಹೇಳುವುದು ಬಿಡುವುದು ನಿಮ್ಮ ಇಷ್ಟ, ಬಲವಂತ ಯಾರದೂ ಇಲ್ಲ. ಮನಸ್ಸು ಭಾರವಾದ ರಾತ್ರಿ 1097ಕ್ಕೆ ಫೋನ್ ಮಾಡಿ, ದುಡ್ಡು ಕಟ್ಟಾಗುವುದಿಲ್ಲ.

ಕೊನೆಗೆ ಆ ಅರಿಶಿನದ ಡಬ್ಬಿ. ಮಾತ್ರೆಗಳನ್ನು ಇವತ್ತೇ ಅದರಿಂದ ಹೊರಗೆ ತೆಗೆಯಿರಿ. ಸೆಂಟರಿನವರು ಕೊಡುವ ಡಬ್ಬಿಯೊಳಗೆ ಒಂದು ಪುಟ್ಟ ಪೊಟ್ಟಣ ಇರುತ್ತದಲ್ಲ, ‘ತಿನ್ನಬೇಡಿ’ ಅಂತ ಬರೆದದ್ದು, ಅದು ತೇವ ಹೀರಲು ಇಟ್ಟದ್ದು. ಮಲೆನಾಡಿನ ಮಳೆಗಾಲದಲ್ಲಿ ಉಪ್ಪೇ ನೀರಾಗುವಾಗ ಮಾತ್ರೆ ಗಟ್ಟಿಯಾಗಿ ಉಳಿಯಬೇಕಾದರೆ ಅದು ಬೇಕು. ಮೆತ್ತಗಾದ, ಬಣ್ಣ ತಿರುಗಿದ, ಅರಿಶಿನ ಮೆತ್ತಿದ ಮಾತ್ರೆಗಳನ್ನು ನುಂಗದೆ ಸೆಂಟರಿಗೆ ತಂದು ತೋರಿಸಿ, ಬೇರೆ ಕೊಡುತ್ತಾರೆ. ಯಾರೂ ಬೈಯುವುದಿಲ್ಲ, ಬೈದರೆ ನನ್ನ ಹೆಸರು ಹೇಳಿ. ಚೆನ್ನಾಗಿರುವವನ್ನು ಹಳೆಯ ಡಬ್ಬಿಗೇ ಹಾಕಿ, ಮೇಲಿನ ಚೀಟಿ ಕಿತ್ತು, ಸೀರೆಯ ಮಡಿಕೆಯೊಳಗೆ ಟ್ರಂಕಿನಲ್ಲಿ ಇಡಿ. ಬೀಗರು ಇರುವ ನಾಲ್ಕು ದಿನಕ್ಕೆ ಮಾತ್ರ ನಾಲ್ಕು ಮಾತ್ರೆ, ಒಣಗಿದ ಸಣ್ಣ ಡಬ್ಬಿಯಲ್ಲಿ, ತೋಟಕ್ಕೆ ಒಯ್ಯುವ ಚೀಲದಲ್ಲಿ. ಗಲಗಲ ಅನ್ನದ ಹಾಗೆ ಒಂದು ಚೂರು ಒಣ ಬಟ್ಟೆ ತುರುಕಿದರೆ ಆಯಿತು.